ಎರಡು ದ್ವೀಪಗಳ ನಡುವೆ

ರಾಮೇಶ್ವರದ ಯಾತ್ರೆ ಮುಗಿಸಿ ಧನುಷ್ಕೋಡಿಯ ಮರಳಿನ ತುದಿಯಲ್ಲಿ ನಿಂತಿದ್ದಾಗ ನಮ್ಮ ಸೋದರತ್ತೆಯವರು ಕೇಳಿದರು: “ಅಲ್ಲವೋ, ಲಂಕೆ ಇಷ್ಟು ಹತ್ತಿರವೆನ್ನುತ್ತೀಯೆ. ಒಂದು ದೋಣಿ ಗೊತ್ತುಮಾಡಿಕೊಂಡು ನೋಡಿಬರಬಾರದೆ?”

ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ. ರಾಮೇಶ್ವರವಿರುವ ಪಾಂಬನ್ ಒಂದು ದ್ವೀಪ; ಎದುರಿನ ಮನ್ನಾರ್ ಇನ್ನೊಂದು ದ್ವೀಪ. ನಡುವಣ ಕಡಲು ಸುಮಾರು 30 ಕಿಲೋಮೀಟರು. ಬೆಂಗಳೂರಿನಿಂದ ರಾಮನಗರ ಇದಕ್ಕಿಂತ ದೂರ.

ಅತ್ತೆಯವರ ತಾಯಿಯ ಕಾಲದಲ್ಲಾಗಿದ್ದರೆ ಹೋಗಿಯೂ ಬರಬಹುದಿತ್ತು. 1914ರಲ್ಲಿ ಪಾಂಬನ್ ಸೇತುವೆ ತೆರೆದ ಮೇಲೆ ಮದರಾಸಿನಲ್ಲಿ ಕೊಂಡ ಒಂದೇ ಟಿಕೀಟಿನಲ್ಲಿ ಕೊಲಂಬೊ ಸೇರಬಹುದಾಗಿತ್ತು: ಧನುಷ್ಕೋಡಿಯವರೆಗೆ ರೈಲು, ತಲೈಮನ್ನಾರಿಗೆ ಹಡಗು, ಅಲ್ಲಿಂದ ಮತ್ತೆ ರೈಲು. ಜನ ಅದನ್ನು ‘ಬೋಟ್ ಮೇಲ್’ ಎಂದು ಕರೆದರು. ಎಲ್ಲರಿಗೂ ದಾರಿ ಅಷ್ಟು ಸಲೀಸಾಗಿರಲಿಲ್ಲವೆನ್ನಿ. ತೋಟಗಳ ದುಡಿಮೆಗೆ ಹೊರಟ ಕೂಲಿಗಳನ್ನು ರೋಗದ ಭಯದಿಂದ ಮಂಡಪಂ ಶಿಬಿರದಲ್ಲಿ ತಡೆದು ಪರೀಕ್ಷಿಸಿ ಕಳುಹಿಸುತ್ತಿದ್ದರು. ರಹದಾರಿಯ ಕಾಟ ಬರುವ ಮೊದಲೇ ಬಡವನ ಮೈಯೇ ಅವನ ರಹದಾರಿಯಾಗಿತ್ತು.

ಸ್ವತಂತ್ರವಾದೊಡನೆ ಸಿಂಹಳ ಸರ್ಕಾರ 1948ರಲ್ಲಿ ವಲಸೆಯ ಕಾಯಿದೆ ಮಾಡಿತು. 1964ರ ಡಿಸೆಂಬರಿನ ಚಂಡಮಾರುತ ಧನುಷ್ಕೋಡಿಯನ್ನೇ ಕೆಡವಿತು. ರಾಮೇಶ್ವರದಿಂದ ಮುಂದುವರಿದ ಹಡಗು 1980ರ ದಶಕದಲ್ಲಿ ಅಲ್ಲಿನ ಅಂತರ್ಯುದ್ಧದಿಂದ ನಿಂತಿತು.

ಆದರೂ ಈ ಕಡಲಿನಲ್ಲಿ ರಹದಾರಿ ಕೇಳದ ನೆಲವೊಂದು ಉಳಿದಿದೆಯೆಂದರೆ ಓದುಗರು ನಂಬುವರೋ ಇಲ್ಲವೋ! ಅದು ಕಚ್ಚತೀವು, 285 ಎಕರೆಯ, ಕುಡಿಯುವ ನೀರೂ ಇಲ್ಲದ, ನಿರ್ಜನ ದ್ವೀಪ. 1974ರ ಒಪ್ಪಂದದಿಂದ ಅದು ಶ್ರೀಲಂಕೆಯ ಪಾಲಾಯಿತು. ಆದರೆ ಭಾರತದ ಬೆಸ್ತರೂ ಯಾತ್ರಿಕರೂ ಅಲ್ಲಿಗೆ ಹೋಗಲು ಪ್ರಯಾಣಪತ್ರವಾಗಲಿ ವೀಸಾ ಆಗಲಿ ಬೇಕಿಲ್ಲವೆಂದು ಆ ಒಪ್ಪಂದದ ಐದನೆಯ ವಿಧಿಯೇ ಹೇಳುತ್ತದೆ. ಸಂತ ಅಂತೋಣಿಯ ಜಾತ್ರೆಗೆ, ಫೆಬ್ರವರಿ–ಮಾರ್ಚಿನ ಸುಮಾರಿಗೆ, ಎರಡೂ ದಡಗಳಿಂದ ದೋಣಿಗಳು ಬರುತ್ತವೆ. ಯುದ್ಧ ಬೇರ್ಪಡಿಸಿದ ಬಂಧುಗಳು ಪರಸ್ಪರ ಮುಖ ನೋಡುವುದಕ್ಕೆ ಇದಕ್ಕಿಂತ ಅಗ್ಗದ ದಾರಿ ಇನ್ನಿಲ್ಲ. ಹಾಗೆಂದು ಮನಬಂದಂತೆ ಹೊರಡುವಂತಿಲ್ಲ. ಗುರುತಿನ ಚೀಟಿ ತೋರಿಸಿ ಮುಂಚಿತವಾಗಿ ಹೆಸರು ಬರೆಸಬೇಕು. ಕಾಗದ ಕೇಳದಿದ್ದರೂ ಕಲಹ ತಪ್ಪಿಲ್ಲ. ಶ್ರೀಲಂಕೆಯಲ್ಲಿ ಬೆಸ್ತರನ್ನು ಸೆರೆಯಲ್ಲಿಟ್ಟುದನ್ನು ಪ್ರತಿಭಟಿಸಿ 2024ರ ಜಾತ್ರೆಯನ್ನು ರಾಮೇಶ್ವರದ ಬೆಸ್ತರು ಬಹಿಷ್ಕರಿಸಿದರು. ಮೀನಿನ ಜಗಳದ ದಂಡವನ್ನು ಯಾತ್ರಿಕರೇ ತೆರಬೇಕಾಯಿತು.

ಉಳಿದವರಿಗೆ ವಿಮಾನ ಹೇಗೂ ಉಂಟು. ನಾಗಪಟ್ಟಣದಿಂದ ಕಂಕೇಸಂತುರೈಗೆ 2023ರ ಅಕ್ಟೋಬರಿನಲ್ಲಿ ಆರಂಭವಾಗಿ ಬೇಗನೆ ನಿಂತ ಹಡಗು 2024ರ ಆಗಸ್ಟಿನಲ್ಲಿ ಮತ್ತೆ ಹೊರಟಿತು. ಯಾವ ದಾರಿಯಾದರೂ ಪಾಸ್‌ಪೋರ್ಟು ಕಡ್ಡಾಯ. ಅದರ ಅವಧಿ ಇನ್ನೂ ಆರು ತಿಂಗಳು ಉಳಿದಿರಬೇಕು, ಶ್ರೀಲಂಕೆಯ ಪ್ರವೇಶಾನುಮತಿಯೂ ಬೇಕು. ಕಂಕುಳಲ್ಲಿರುವ ಮಗುವಿಗೂ ಪ್ರತ್ಯೇಕ ಪಾಸ್‌ಪೋರ್ಟು ಮಾಡಿಸಬೇಕೆಂಬುದನ್ನು ತಾಯಂದಿರು ಮರೆಯಬಾರದು. ಮತದಾರರ ಚೀಟಿಯೊಂದಿಗೆ ನೇಪಾಳ ನೋಡಿಬಂದವರು ಇಲ್ಲಿಯೂ ಹಾಗೆಯೇ ಎಂದು ಹೊರಟರೆ ದಡದಿಂದಲೇ ಹಿಂದಿರುಗಬೇಕಾದೀತು.

ಇದನ್ನೆಲ್ಲ ವಿವರಿಸಿದ ಮೇಲೆ ಅತ್ತೆಯವರು ಸುಮ್ಮನಾದರೆಂದು ಭಾವಿಸಿದೆ. ಊರಿಗೆ ಬಂದವರೇ ಪಾಸ್‌ಪೋರ್ಟಿಗೆ ಅರ್ಜಿ ಹಾಕಿಸೆಂದರು. ಆಧಾರ್ ಚೀಟಿಯಲ್ಲಿ ಅವರು ವೆಂಕಮ್ಮ, ಮತದಾರರ ಚೀಟಿಯಲ್ಲಿ ವೆಂಕಟಲಕ್ಷ್ಮಮ್ಮ. ಸದ್ಯಕ್ಕೆ ಆ ಇಬ್ಬರನ್ನೂ ಒಬ್ಬರನ್ನಾಗಿ ಮಾಡುವ ಓಡಾಟದಲ್ಲಿದ್ದೇನೆ.