ಬೀಳುಭೂಮಿಯಲ್ಲಿ ಬೆಳೆದ ಜೋಳ

ಕಳೆದ ತಿಂಗಳು ನಮ್ಮ ಮನೆಯ ಹಿರಿಯರಾದ ಅತ್ತೆಯವರನ್ನು ಕರೆದುಕೊಂಡು ಪೇಟೆಗೆ ಹೋಗಿದ್ದೆವು. ಅಲ್ಲಿನ ಅಂಗಡಿಯೊಂದರಲ್ಲಿ ನವಣೆ ಅಕ್ಕಿಯ ಅರ್ಧ ಕಿಲೋ ಪೊಟ್ಟಣವನ್ನು ಕೈಗೆತ್ತಿಕೊಂಡ ಅವರು, ಅದರ ಮೇಲೆ ಅಚ್ಚಾಗಿದ್ದ ಬೆಲೆಯನ್ನು ನಮ್ಮಿಂದ ಓದಿಸಿ ಕೇಳಿ ಬೆರಗಾದರು. “ಇದನ್ನ ನಾವು ಹೊಲದಾಗ ಅಕ್ಕಡಿ ಸಾಲು ಬಿತ್ತತಿದ್ದಿವಿ. ಬಡವರ ಊಟ ಅಂತಿದ್ರು. ಈಗ ಇದಕ್ಕ ಇಷ್ಟ್ ರೊಕ್ಕ ಯಾಕ? ಬೆಳದಾಕಿಗೆ ಇದರಾಗ ಎಷ್ಟ್ ಮುಟ್ಟತೈತಿ?” ಎಂದು ಕೇಳಿದರು. ಅಂಗಡಿಯವರಲ್ಲಿ ಉತ್ತರವಿರಲಿಲ್ಲ, ನಮ್ಮಲ್ಲಿಯೂ ಇರಲಿಲ್ಲ.

ಈ ಪ್ರಶ್ನೆಯನ್ನು ನಾಲ್ಕು ದಶಕಗಳ ಹಿಂದೆಯೇ ಗಂಭೀರವಾಗಿ ಕೈಗೆತ್ತಿಕೊಂಡ ಸಂಸ್ಥೆಯೊಂದು ನಮ್ಮ ಬೀದರಿನ ಗಡಿಯಾಚೆ, ಸುಮಾರು 30 ಕಿ.ಮೀ. ದೂರದ ಜಹೀರಾಬಾದಿನ ಸುತ್ತ ಕೆಲಸ ಮಾಡಿಕೊಂಡು ಬಂದಿದೆ. ಲಾಭದ ಉದ್ದೇಶವಿಲ್ಲದ ಆ ಸಂಸ್ಥೆಯ ಹೆಸರು ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ. 1983ರಲ್ಲಿ ಅದನ್ನು ಕಟ್ಟಿದವರಲ್ಲಿ ಪ್ರಮುಖರು ಮೈಸೂರಿನಲ್ಲಿ ಜನಿಸಿದ ಪಿ.ವಿ. ಸತೀಶ್ ಅವರು. ದೂರದರ್ಶನದಲ್ಲಿ ಗ್ರಾಮೀಣ ಕಾರ್ಯಕ್ರಮಗಳನ್ನು ರೂಪಿಸುತ್ತಿದ್ದ ಇವರು ಕ್ಯಾಮೆರಾ ಬಿಟ್ಟು ಹಳ್ಳಿ ಸೇರಿದರು. 2023ರ ಮಾರ್ಚ್ ತಿಂಗಳಿನಲ್ಲಿ ತೀರಿಕೊಳ್ಳುವವರೆಗೂ ಆ ಕೆಲಸದಲ್ಲಿಯೇ ಇದ್ದರು. ಕನ್ನಡಿಗರಾದ ನಾವು ಅವರನ್ನು ಅಷ್ಟಾಗಿ ನೆನೆಯದಿರುವುದು ವಿಷಾದದ ಸಂಗತಿ.

ಅಂದಿನ ಮೆದಕ್ ಜಿಲ್ಲೆ, ಇಂದಿನ ಸಂಗಾರೆಡ್ಡಿ ಜಿಲ್ಲೆಯ ಈ ಭಾಗ ಮಳೆಯನ್ನೇ ನಂಬಿದ ಒಣ ಪ್ರದೇಶ. ಬಡ ದಲಿತ ಕುಟುಂಬಗಳಿಗೆ ಸರ್ಕಾರ ಹಂಚಿದ ಭೂಮಿಯಲ್ಲಿ ಬಹುಪಾಲು ಕಲ್ಲು ಗೊರಚಲು. ಉಳಲು ಎತ್ತಿಲ್ಲ, ಹಾಕಲು ಗೊಬ್ಬರವಿಲ್ಲ. ಹೀಗಾಗಿ ಹೊಲಗಳು ಬೀಳುಬಿದ್ದವು. ಇತ್ತ ಪಡಿತರದ ಅಂಗಡಿಯಲ್ಲಿ ಅಗ್ಗದ ಅಕ್ಕಿ ದೊರೆಯತೊಡಗಿತು. ಅಕ್ಕಿ ಹಸಿವನ್ನು ತಣಿಸಿತೆಂಬುದು ನಿಜ. ಆದರೆ ಅದರ ಜೊತೆಗೆ ಜೋಳ, ಸಜ್ಜೆ, ನವಣೆಗಳನ್ನು ಬೆಳೆಯುವ ಕಾರಣವೇ ಇಲ್ಲವಾಯಿತು. ಬೆಳೆ ಹೋದಂತೆ ಹೊಲದ ಕೂಲಿಯೂ ದನದ ಮೇವೂ ಹೋದವು. ತಲೆಮಾರುಗಳಿಂದ ಕಾಯ್ದಿಟ್ಟ ಬೀಜವೂ ಕೈತಪ್ಪತೊಡಗಿತು.

ಸಂಸ್ಥೆಯವರು ಹಳ್ಳಿಯ ಬಡ ಹೆಣ್ಣುಮಕ್ಕಳನ್ನು ಸಂಘಗಳಲ್ಲಿ ಸೇರಿಸಿ, ಮೊದಲು ಅವರ ಮಾತನ್ನು ಕೇಳಿದರು. ಆ ತಾಯಂದಿರು ಹೊರಗಿನ ಅಕ್ಕಿಯ ಬದಲು ತಮ್ಮ ಹೊಲದ ಜೋಳವನ್ನೇ ಕೇಳಿದರು. 1990ರ ದಶಕದ ನಡುವಿನಲ್ಲಿ, ಕೇಂದ್ರ ಗ್ರಾಮೀಣಾಭಿವೃದ್ಧಿ ಇಲಾಖೆಯ ನೆರವಿನಿಂದ, ಸುಮಾರು 30 ಹಳ್ಳಿಗಳಲ್ಲಿ ಒಂದು ಪರ್ಯಾಯ ಪಡಿತರ ವ್ಯವಸ್ಥೆ ಆರಂಭವಾಯಿತು. ಅದರ ಕ್ರಮ ಸರಳವಾದುದು. ಬೀಳುಬಿದ್ದ ಹೊಲವನ್ನು ಹಸನು ಮಾಡಲು ರೈತ ಕುಟುಂಬಕ್ಕೆ ಸಾಲ ದೊರೆಯುತ್ತಿತ್ತು. ಅದನ್ನು ಹಣವಾಗಿ ಅಲ್ಲ, ಕಂತು ಕಂತಾಗಿ ಜೋಳದ ರೂಪದಲ್ಲಿ ಹಿಂದಿರುಗಿಸಬೇಕಿತ್ತು. ಹಾಗೆ ಬಂದ ಜೋಳ ಊರಿನ ಕಣಜ ಸೇರುತ್ತಿತ್ತು. ಊರಿನಲ್ಲಿ ಅತಿ ಬಡವರು ಯಾರೆಂಬುದನ್ನು ಊರವರೇ ಕೂಡಿ ನಿರ್ಧರಿಸುತ್ತಿದ್ದರು. ಕೂಲಿ ಸಿಗದ ತಿಂಗಳುಗಳಲ್ಲಿ ಆ ಮನೆಗಳಿಗೆ ಕಡಿಮೆ ಬೆಲೆಗೆ ಜೋಳ ದೊರೆಯುತ್ತಿತ್ತು. ಕಣಜದ ಲೆಕ್ಕವೆಲ್ಲ ಹೆಣ್ಣುಮಕ್ಕಳ ಸಮಿತಿಯ ಕೈಯಲ್ಲಿತ್ತು. ಎರಡೂವರೆ ಸಾವಿರ ಎಕರೆಗೂ ಮಿಕ್ಕಿದ ಭೂಮಿ ಹೀಗೆ ಮತ್ತೆ ಹಸಿರಾಯಿತು.

ಎರಡನೆಯ ಕೆಲಸ ಬೀಜದ್ದು. ಮಡಕೆ, ಬುಟ್ಟಿಗಳಲ್ಲಿ ಬೂದಿ ಹಾಗೂ ಬೇವಿನ ಸೊಪ್ಪು ಬೆರೆಸಿ, ಬಾಯಿಗೆ ಮಣ್ಣು ಮೆತ್ತಿ ಬೀಜ ಕಾಯುವ ಜಾಣ್ಮೆ ನಮ್ಮ ಅಜ್ಜಿಯಂದಿರಿಗೂ ತಿಳಿದಿತ್ತು. ಅದನ್ನೇ ಅಲ್ಲಿ ಊರೂರಿನ ಬೀಜದ ಮನೆಗಳಾಗಿ ಬೆಳೆಸಲಾಯಿತು. ಬೇಕಾದವರು ಬೀಜ ಪಡೆದು, ಸುಗ್ಗಿಯಲ್ಲಿ ಪಡೆದದ್ದಕ್ಕಿಂತ ಹೆಚ್ಚಿನ ಅಳತೆಯಲ್ಲಿ ಹಿಂದಿರುಗಿಸುತ್ತಾರೆ, ಹಣದ ಮಾತಿಲ್ಲ. ವರ್ಷಕ್ಕೊಮ್ಮೆ ಸಂಕ್ರಾಂತಿಯ ಹೊತ್ತಿನಲ್ಲಿ ಶೃಂಗರಿಸಿದ ಬಂಡಿಗಳಲ್ಲಿ ಬೀಜಗಳನ್ನು ಹೇರಿಕೊಂಡು ಊರಿಂದೂರಿಗೆ ಜಾತ್ರೆ ಹೊರಡುತ್ತದೆ. ಓದು ಬರಹ ಬಾರದ ಈ ಮಹಿಳೆಯರು ಚಲನಚಿತ್ರ ತೆಗೆಯುವುದನ್ನು ಕಲಿತರು. 2008ರಲ್ಲಿ ತಮ್ಮದೇ ಆದ ಸಮುದಾಯ ರೇಡಿಯೋ ಕೇಂದ್ರವನ್ನೂ ತೆರೆದರು. 2019ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಈ ಸಂಸ್ಥೆಗೆ ಸಂದಿತು.

ಇನ್ನು ಮಾರಾಟದ ಮಾತು. ಸಾವಯವವೆಂದು ಹೇಳಿ ಮಾರಬೇಕಾದರೆ ಪ್ರಮಾಣಪತ್ರ ಬೇಕು. ಹೊರಗಿನ ತಪಾಸಣೆಗಾರರನ್ನು ಕರೆಸಿ ಅದನ್ನು ಪಡೆಯುವ ವೆಚ್ಚ ಎರಡೆಕರೆಯ ರೈತನಿಗೆ ನಿಲುಕದು. ಆದುದರಿಂದ ಇಂತಹ ಸಂಸ್ಥೆಗಳು ಸೇರಿ ಸಹಭಾಗಿತ್ವದ ಖಾತರಿ ಪದ್ಧತಿಯನ್ನು ಬೆಳೆಸಿದವು. ಇದರಲ್ಲಿ ಅಕ್ಕಪಕ್ಕದ ರೈತರೇ ಗುಂಪಾಗಿ ಒಬ್ಬರ ಹೊಲವನ್ನು ಇನ್ನೊಬ್ಬರು ನೋಡಿ ಖಾತರಿ ನೀಡುತ್ತಾರೆ. ನೆರೆಯವನ ಕಣ್ಣು ತಪ್ಪಿಸಿ ರಾಸಾಯನಿಕ ಸಿಂಪಡಿಸುವುದು ಹಳ್ಳಿಯಲ್ಲಿ ಸುಲಭವಲ್ಲವಷ್ಟೆ. 2017ರ ಸಾವಯವ ಆಹಾರ ನಿಯಮಗಳು ಸರ್ಕಾರವೇ ನಡೆಸುವ ಇಂತಹ ಪದ್ಧತಿಯನ್ನೂ ಮಾನ್ಯ ಮಾಡಿವೆ. ನೇರವಾಗಿ ಗ್ರಾಹಕರಿಗೆ ಮಾರುವ ಸಣ್ಣ ಬೆಳೆಗಾರರಿಗೆ ವಿನಾಯಿತಿಯನ್ನೂ ನೀಡಿವೆ.

ನಮ್ಮ ಕರ್ನಾಟಕದಲ್ಲಿಯೂ ಈ ದಾರಿಯಲ್ಲಿ ನಡೆದವರಿದ್ದಾರೆ. 2001ರಲ್ಲಿ ಆರಂಭವಾದ ‘ಸಹಜ ಸಮೃದ್ಧ’ ಬಳಗವು ದೇಸಿ ಭತ್ತ ಹಾಗೂ ಸಿರಿಧಾನ್ಯಗಳ ತಳಿಗಳನ್ನು ಹುಡುಕಿ, ಬೀಜಮೇಳಗಳ ಮೂಲಕ ರೈತರ ಕೈಗೆ ಮರಳಿಸಿತು. 2010ರಲ್ಲಿ ಅದರ ಆಶ್ರಯದಲ್ಲಿ ರೈತರೇ ಷೇರುದಾರರಾದ ಉತ್ಪಾದಕರ ಕಂಪನಿ ಹುಟ್ಟಿತು. ಸೇವಾಸಂಸ್ಥೆ ತಾನೇ ವ್ಯಾಪಾರಕ್ಕಿಳಿಯದೆ, ವ್ಯಾಪಾರದ ಒಡೆತನವನ್ನು ಬೆಳೆದವರಿಗೇ ಒಪ್ಪಿಸುವ ಈ ಕ್ರಮ ಸ್ತುತ್ಯರ್ಹವಾದುದು.

ಸರ್ಕಾರಗಳೂ ನಿಧಾನವಾಗಿಯಾದರೂ ಕಿವಿಗೊಟ್ಟಿವೆ. ಇಂತಹ ಸಂಘಟನೆಗಳ ಒತ್ತಾಯದ ನಡುವೆ ಬಂದ 2013ರ ಆಹಾರ ಭದ್ರತಾ ಕಾಯಿದೆಯು ಅಕ್ಕಿ, ಗೋಧಿಗಳ ಜೊತೆಗೆ ಈ ಧಾನ್ಯಗಳನ್ನೂ ಪಡಿತರಕ್ಕೆ ಸೇರಿಸಿತು. ‘ಒರಟು ಧಾನ್ಯ’ಗಳೆಂದು ಕಡತಗಳಲ್ಲಿ ಕರೆಸಿಕೊಳ್ಳುತ್ತಿದ್ದವು 2018ರಲ್ಲಿ ‘ಪೋಷಕ ಧಾನ್ಯ’ಗಳಾದವು. 2023ನ್ನು ವಿಶ್ವಸಂಸ್ಥೆ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿತು.

ಆದರೆ ಹೆಸರು ಬದಲಾದೊಡನೆ ಬದುಕು ಬದಲಾಗುವುದೆಂದು ತಿಳಿಯಲಾಗದು. ನವಣೆ, ಸಾಮೆ, ಹಾರಕಗಳ ಸಿಪ್ಪೆ ಗಟ್ಟಿಯಾದುದು. ಹಿಂದೆ ಒರಳಿನಲ್ಲಿ ಕುಟ್ಟಿ ಅಕ್ಕಿ ಮಾಡುವ ಕಷ್ಟವೆಲ್ಲ ಹೆಂಗಸರದೇ ಆಗಿತ್ತು. ಇಂದು ಯಂತ್ರ ಬಂದಿದೆಯಾದರೂ ಅದು ಬಹಳಷ್ಟು ಹಳ್ಳಿಗಳಲ್ಲಿಲ್ಲ. ರೈತರು ಸಿಪ್ಪೆಸಹಿತ ಕಾಳನ್ನು ದೊರೆತ ಬೆಲೆಗೆ ಮಾರುತ್ತಾರೆ. ಸಿಪ್ಪೆ, ನುಚ್ಚು ಕಳೆದು ತೂಕ ಇಳಿದ ಮೇಲೆ ಸಾಗಣೆ, ಪೊಟ್ಟಣ, ಅಂಗಡಿಯ ಪಾಲು ಒಂದೊಂದಾಗಿ ಸೇರುತ್ತವೆ. ಅತ್ತೆಯವರ ಮೊದಲ ಪ್ರಶ್ನೆಗೆ ಇದು ಉತ್ತರ. ಎರಡನೆಯ ಪ್ರಶ್ನೆಗೆ ಉತ್ತರ, ಆ ಸಿಪ್ಪೆ ತೆಗೆಯುವ ಯಂತ್ರ ಯಾರ ಒಡೆತನದಲ್ಲಿದೆ ಎಂಬುದನ್ನು ಅವಲಂಬಿಸಿದೆ. ಬೆಳೆದವರ ಸಂಘದ್ದಾದರೆ ಬೆಲೆಯ ದೊಡ್ಡ ಪಾಲು ಊರಿಗೇ ಮರಳುತ್ತದೆ. ಇಲ್ಲವಾದರೆ ದಾರಿಯಲ್ಲಿಯೇ ಹಂಚಿಹೋಗುತ್ತದೆ. ಬೆಳೆದಾಕೆ ನವಣೆ ಮಾರಿ ಮನೆಗೆ ಪಡಿತರದ ಅಕ್ಕಿಯನ್ನೇ ಕೊಂಡೊಯ್ಯುವಂತಾದರೆ ನಮ್ಮ ಆರೋಗ್ಯದ ಊಟಕ್ಕೆ ಏನು ಅರ್ಥ?

ಹೀಗಿರುವಾಗ ಗೃಹಸ್ಥರಾದ ನಾವು ಮಾಡಬಹುದಾದುದು ಇಲ್ಲದಿಲ್ಲ. ಕೊಳ್ಳುವ ಮೊದಲು ಕಾಳು ಯಾವ ಊರಿನದು, ಯಾರ ಸಂಘದ್ದು ಎಂದು ವಿಚಾರಿಸೋಣ. ಸಮೀಪದಲ್ಲಿ ರೈತರ ಸಂಘವಿದ್ದರೆ ನಾಲ್ಕಾರು ಮನೆಯವರು ಕೂಡಿ ಸುಗ್ಗಿಯಲ್ಲಿಯೇ ವರ್ಷಕ್ಕಾಗುವಷ್ಟು ಜೋಳ ಕೊಳ್ಳೋಣ. ಮದುವೆಯ ಊಟದಲ್ಲಿ ಒಂದು ಬಗೆಯನ್ನಾದರೂ ನವಣೆಯದೋ ಸಾಮೆಯದೋ ಮಾಡಿಸೋಣ. ತೀರಾ ಬೆಳ್ಳಗೆ ಪಾಲಿಶ್ ಮಾಡಿದ ಕಾಳಿನಲ್ಲಿ ನಾರಿನಂಶ ಕಡಿಮೆಯೆಂಬುದನ್ನು ಮರೆಯದಿರೋಣ.

ನಮ್ಮ ಮನೆಯಲ್ಲಿ ಅತ್ತೆಯವರು ಈಗ ವಾರಕ್ಕೆರಡು ದಿನ ನವಣೆಯ ಅನ್ನ ಮಾಡಿಸುತ್ತಿದ್ದಾರೆ. ಮೊಮ್ಮಕ್ಕಳು ಮೊದಲೆರಡು ವಾರ ಮುಖ ಸಿಂಡರಿಸಿದರು. ಈಗ ಮಜ್ಜಿಗೆ ಹಾಕಿಕೊಂಡು ಉಣ್ಣುತ್ತಾರೆ. ಕಾಳನ್ನು ಹತ್ತಿರದ ರೈತರ ಸಂಘವೊಂದರಿಂದ ತರುತ್ತಿದ್ದೇವೆ. ತಂದ ದಿನವೆಲ್ಲ ಅತ್ತೆಯವರು ಚೀಲ ಬಿಚ್ಚುವ ಮೊದಲೇ, “ಯಾರ ಹೊಲದ್ದು ಕೇಳಿದ್ರೇನು?” ಎನ್ನುತ್ತಾರೆ. ಓದುಗ ಬಂಧುಗಳ ಮನೆಗಳಲ್ಲಿಯೂ ಈ ಪ್ರಶ್ನೆ ಕೇಳಿಬರಲೆಂಬುದು ನಮ್ಮ ಆಶಯ.