ಮಗುವಿನ ನೆಚ್ಚಿಕೆ

ಮನೆಯಿಂದ ಹೊರಡುವಾಗ ಮಗುವಿನ ಕಣ್ಣು ತಪ್ಪಿಸಿ ಹೋಗುವುದು ನಮ್ಮ ಸಂಸಾರಗಳಲ್ಲಿ ಬಹುಕಾಲದ ರೂಢಿ. ಅಜ್ಜಿಯು ಹಿತ್ತಿಲಲ್ಲಿ ಕಾಗೆಯನ್ನು ತೋರಿಸುತ್ತಿರುವಾಗ ತಾಯಿಯು ಮುಂಬಾಗಿಲಿನಿಂದ ಜಾರಿಕೊಳ್ಳುವಳು. ಆ ಹೊತ್ತಿನ ಅಳು ತಪ್ಪುವುದು ನಿಜ. ಆದರೆ ಮಾರನೆಯ ದಿನದಿಂದ ಮಗು ಸೆರಗನ್ನು ಬಿಡದು. ನಾವೂ ಹೀಗೆ ಮಾಡಿದವರೇ. ಆದುದರಿಂದ ಇದನ್ನು ಬರಿಯ ಉಪದೇಶವೆಂದು ವಾಚಕರು ಭಾವಿಸಬಾರದು.

ಚಿತ್ತವನ್ನು ನಿಲ್ಲಿಸುವುದಕ್ಕೆ ಅಭ್ಯಾಸ, ವೈರಾಗ್ಯಗಳೆಂಬ ಎರಡು ಸಾಧನಗಳನ್ನು ಪತಂಜಲಿಗಳು ಹೇಳಿರುವರು. ಅಭ್ಯಾಸವು ನೆಲೆಯೂರಬೇಕಾದರೆ ಅದು ಬಹುಕಾಲ ನಡೆಯಬೇಕು, ನಡುವೆ ಕಡಿಯಬಾರದು, ಆದರದಿಂದ ಕೂಡಿರಬೇಕು. ಅವರು ಹೇಳಿದುದು ಯೋಗಸಾಧಕನಿಗೇ ಹೊರತು ಶಿಶುಪಾಲನೆಗಲ್ಲ. ಆದರೂ ಮಗುವಿನ ನೆಚ್ಚಿಕೆ ಬೆಳೆಯುವ ಬಗೆಯೂ ಇದೇ ಎಂದು ನಮಗೆ ತೋರುತ್ತದೆ.

ಮೇರಿ ಐನ್ಸ್‌ವರ್ತ್ ಎಂಬ ವಿದುಷಿಯು 1954ರಲ್ಲಿ ಆಫ್ರಿಕದ ಉಗಾಂಡಕ್ಕೆ ಹೋಗಿ, 26 ಸಂಸಾರಗಳ ಶಿಶುಗಳನ್ನು ಅವುಗಳ ಮನೆಗಳಲ್ಲಿಯೇ ತಿಂಗಳುಗಟ್ಟಲೆ ಪರಿಶೀಲಿಸಿ, ಕಂಡುದನ್ನು 1967ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದರು. ತಾಯಿಯನ್ನು ನೆಚ್ಚಿದ ಶಿಶುವು ಅವಳಿಗೆ ಸದಾ ಅಂಟಿಕೊಂಡಿರುವುದಿಲ್ಲ. ಅವಳನ್ನು ನೆಲೆಯಾಗಿಟ್ಟುಕೊಂಡು ದೂರ ತೆವಳಿ, ಸುತ್ತಣ ವಸ್ತುಗಳನ್ನು ನೋಡಿ, ಮತ್ತೆ ಅವಳೆಡೆಗೆ ಬರುವುದು. ಮಗುವಿನ ದಿನಚರಿಯನ್ನು ಸೂಕ್ಷ್ಮವಾಗಿ ಗಮನಿಸಿ ವಿವರವಾಗಿ ಹೇಳಬಲ್ಲ ತಾಯಂದಿರ ಮಕ್ಕಳಲ್ಲಿಯೇ ಈ ನೆಚ್ಚಿಕೆ ಹೆಚ್ಚಾಗಿ ಕಂಡುಬಂದಿತು. ಆದರವೆಂದರೆ ಇಂತಹ ಗಮನವೇ ಅಲ್ಲವೆ?

ಹಾಗಾದರೆ ಮಾಡತಕ್ಕದ್ದೇನು? ಹೊರಡುವಾಗ ಹೇಳಿಯೇ ಹೊರಡಬೇಕು. ಮಗುವಿಗೆ ಗಡಿಯಾರ ತಿಳಿಯದು. “ದೀಪ ಹಚ್ಚುವ ಹೊತ್ತಿಗೆ ಬರುವೆನು” ಎಂದರೆ ತಿಳಿದೀತು. ಹೇಳಿದ ಹೊತ್ತಿಗೆ ಬರಬೇಕು. ಅತ್ತರೆ ಅಳಲಿ, ಹೇಳಿ ಹೋದವರು ಮರಳಿ ಬರುವರೆಂಬುದು ಹತ್ತಾರು ಸಂಜೆಗಳಲ್ಲಿ ಅದರ ಮನಸ್ಸಿಗೆ ಇಳಿಯುವುದು. ತಂದೆಯೂ ಅಜ್ಜಿಯೂ ಇದೇ ಕ್ರಮವನ್ನು ಹಿಡಿಯತಕ್ಕದ್ದು. ಈ ಭಾರವು ತಾಯಿಯೊಬ್ಬಳದಲ್ಲ.

ಎಷ್ಟು ಎಚ್ಚರಿಕೆಯಿದ್ದರೂ ಒಂದು ದಿನ ತಡವಾಗುವುದು, ಒಂದು ದಿನ ಕೋಪ ಬರುವುದು. ಅದರಿಂದ ಎಲ್ಲವೂ ಕೆಟ್ಟಿತೆಂದು ಕೈಚೆಲ್ಲಬಾರದು. ಸಾಧಕನು ಚದರಿದ ಚಿತ್ತವನ್ನು ಮರಳಿ ತರುವಂತೆ, ನಾವೂ ಮಗುವನ್ನು ಎತ್ತಿಕೊಂಡು, ತಪ್ಪಾಯಿತೆಂದು ಹೇಳಿ, ಮರುದಿನದಿಂದ ಕ್ರಮವನ್ನು ಮುಂದುವರಿಸಬೇಕು.

ಇನ್ನು ವೈರಾಗ್ಯ. ನಮ್ಮನ್ನು ನೆಚ್ಚಿದ ಮಗು ಒಂದು ದಿನ ನಮ್ಮ ಕೈಬಿಟ್ಟು ಬೀದಿಯ ಮಕ್ಕಳೊಡನೆ ಆಡಲು ಓಡುವುದು, ತಿರುಗಿಯೂ ನೋಡದು. ಆಗ ನೊಂದುಕೊಳ್ಳಬಾರದು. ನಾವು ಬಾಗಿಲಲ್ಲಿಯೇ ಇರುವೆವೆಂಬ ನಂಬಿಕೆಯಿಂದಲೇ ಅದು ಹಾಗೆ ಓಡಿತು.