ಬೀರುವಿನಲ್ಲಿರುವ ಕೆರೆಗಳು

ಸದಸ್ಯ ಕಾರ್ಯದರ್ಶಿಗಳು, ಕರ್ನಾಟಕ ಜೀವವೈವಿಧ್ಯ ಮಂಡಳಿ, ಬೆಂಗಳೂರು ಇವರಿಗೆ

ದಂಡು ಪ್ರದೇಶದ ಮತ್ತು ಪೂರ್ವ ಬೆಂಗಳೂರಿನ ಹಳೆಯ ಕಾಲೇಜುಗಳಲ್ಲಿ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ವಿಭಾಗಗಳ ಬೀರುಗಳಲ್ಲಿ ಕೂತಿರುವ ಮಾದರಿಗಳ ಡಿಜಿಟಲೀಕರಣವನ್ನು ಮಂಡಳಿ ಈ ವರ್ಷವೇ ಕೈಗೆತ್ತಿಕೊಳ್ಳಬೇಕೆಂದು ಕೇಳಲು ಈ ಪತ್ರ. ತಡವಾದರೆ ಹುಳು ತಿಂದು ಮುಗಿಸುತ್ತದೆ, ಇಲ್ಲವೇ ಹೊಸ ಲ್ಯಾಬಿಗೆ ಜಾಗ ಮಾಡುವ ಭರದಲ್ಲಿ ಎಲ್ಲ ಗುಜರಿ ಪಾಲಾಗುತ್ತದೆ.

ಹರ್ಬೇರಿಯಂ ಹಾಳೆಯನ್ನು ತಾವು ನೋಡಿಯೇ ಇರುತ್ತೀರಿ. ದಪ್ಪ ಹಾಳೆಗೆ ದಾರದಿಂದ ಹೊಲಿದ ಒಣಗಿದ ಗಿಡ, ಬಲಗಡೆ ಕೆಳಮೂಲೆಯಲ್ಲಿ ಒಂದು ಚೀಟಿ. ಗಿಡದ ಹೆಸರು, ಸಿಕ್ಕಿದ ಜಾಗ, ತಾರೀಖು, ಕಿತ್ತು ತಂದವರ ಹೆಸರು. ಒಣಗಿದ ಮೇಲೆ ಬಣ್ಣ ನಿಲ್ಲುವುದಿಲ್ಲವೆಂದು ಹೂವು ನೀಲಿಯೋ ಹಳದಿಯೋ ಎಂದೂ ಕೆಲವರು ಬರೆದಿಟ್ಟಿರುತ್ತಾರೆ. ಆ ಚೀಟಿ ಉದುರಿಹೋದರೆ ಗಿಡ ಯಾವ ಕೆರೆಯದು, ಯಾವ ಕಾಲದ್ದು ಎಂದು ಹೇಳಬಲ್ಲವರು ಯಾರೂ ಇರುವುದಿಲ್ಲ.

ಕಾಂಗ್ರೆಸ್ ಗಿಡವನ್ನೇ ತೆಗೆದುಕೊಳ್ಳಿ. 1950ರ ದಶಕದಲ್ಲಿ ಪುಣೆಯಲ್ಲಿ ಕಣ್ಣಿಗೆ ಬಿದ್ದ ಅದು ಕೆ.ಆರ್. ಪುರದ ಖಾಲಿ ಸೈಟುಗಳನ್ನು ಹೊಕ್ಕಿದ್ದು ಯಾವಾಗ? ತಾರೀಖಿರುವ ಒಂದೇ ಹಾಳೆ ಸಿಕ್ಕಿದರೂ ಆ ವರ್ಷದ ಹೊತ್ತಿಗೆ ಅದು ಇಲ್ಲಿತ್ತೆಂದು ಗಟ್ಟಿಯಾಗಿ ಹೇಳಬಹುದು. ಹಾಳೆ ಸಿಗದಿದ್ದರೆ ಮಾತ್ರ ಗಿಡವೇ ಇರಲಿಲ್ಲ ಎನ್ನಲಾಗದು. ಈ ಎಚ್ಚರ ಬೇಕೇಬೇಕು.

ಕೆಲಸದ ಕಷ್ಟ ಕ್ಯಾಮೆರಾದಲ್ಲಿಲ್ಲ, ಚೀಟಿ ಓದುವುದರಲ್ಲಿದೆ. ಬ್ಲಾಕ್‌ಪಳ್ಳಿ ಎಂದು ಬರೆದಿದ್ದರೆ ಅದು ಇಂದಿನ ಶಿವಾಜಿನಗರವೆಂದು ಗೊತ್ತಿರಬೇಕು. ಮಿಲ್ಲರ್ಸ್ ಟ್ಯಾಂಕ್ ಎಂದಿದ್ದರೆ ಆ ಕೆರೆಯೇ ಈಗಿಲ್ಲ, ರಸ್ತೆಯ ಹೆಸರಷ್ಟೇ ಇದೆ. ಇಂಥ ಜಾಗಗಳನ್ನು ನಕ್ಷೆಯಲ್ಲಿ ಗುರುತಿಸಲು ಇಲ್ಲೇ ಹುಟ್ಟಿ ಬೆಳೆದ ಹಿರಿಯರು ಬೇಕು. ಹಾಳೆಗಳಿಗಿಂತ ಮೊದಲು ನಾವು ಅವರನ್ನು ಕಳೆದುಕೊಳ್ಳುತ್ತಿದ್ದೇವೆ.

ಇಂಥ ಕೆಲಸಕ್ಕೆ ಮೇಲ್ಪಂಕ್ತಿ ನಮ್ಮೂರಲ್ಲೇ ಇದೆ. ಸೇಂಟ್ ಜೋಸೆಫ್ ಕಾಲೇಜಿನ ಫಾದರ್ ಸೆಸಿಲ್ ಸಲ್ಡಾನ್ಹಾ, ಸ್ಮಿತ್ಸೋನಿಯನ್ ಸಂಸ್ಥೆಯ ಡಾನ್ ನಿಕಲ್ಸನ್ ಜೊತೆಗೂಡಿ 1976ರಲ್ಲಿ ಹಾಸನ ಜಿಲ್ಲೆಯ ಸಸ್ಯಗಳ ಗ್ರಂಥ ತಂದರು. ಆ ಕಾಲೇಜಿನಲ್ಲಿ ಶುರುವಾದ ಜೆಸಿಬಿ ಹರ್ಬೇರಿಯಂ ಇಂದು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದೆ. ಅಲ್ಲಿ ರೂಪುಗೊಂಡ ಕರ್ನಾಟಕದ ಡಿಜಿಟಲ್ ಸಸ್ಯಕೋಶವನ್ನು ಹಳ್ಳಿಯ ಮೇಷ್ಟ್ರೂ ಮೊಬೈಲಿನಲ್ಲಿ ತೆರೆದು ನೋಡಬಹುದು. ಇಷ್ಟೆಲ್ಲ ಶುರುವಾದದ್ದು ದಂಡಿನ ಒಂದು ಕಾಲೇಜಿನಿಂದ ಎಂಬುದು ನನಗೆ ಹೆಮ್ಮೆಯ ವಿಷಯ.

2002ರ ಜೀವವೈವಿಧ್ಯ ಕಾಯ್ದೆಯಡಿ ಸ್ಥಳೀಯ ಸಮಿತಿಗಳು ಜನತಾ ಜೀವವೈವಿಧ್ಯ ದಾಖಲಾತಿ ಬರೆಯಬೇಕು. ಹಲಸೂರು, ಬೆನ್ನಿಗಾನಹಳ್ಳಿ ಕೆರೆಗಳಲ್ಲಿ ಇಂದು ಏನಿದೆ ಎಂಬುದರ ಪಕ್ಕದಲ್ಲೇ ಹಿಂದೆ ಏನಿತ್ತು ಎಂಬುದೂ ಅದರಲ್ಲಿ ಬರಲಿ. ಕಾಡುಪಾಪದಂಥ ಜೀವಿಗಳ ನಿಖರ ಜಾಗವನ್ನು ಮಾತ್ರ ಗುಟ್ಟಾಗಿಡಿ, ಕಳ್ಳಬೇಟೆಯವರಿಗೆ ದಾರಿ ತೋರಿಸಿದಂತಾಗಬಾರದು.

ಪ್ರಾಂಶುಪಾಲರಿಗೆ ತಮ್ಮ ಸಹಿಯ ಸುತ್ತೋಲೆ ಹೋಗಲಿ: ಪಟ್ಟಿ ಕಳಿಸಿ, ಫೋಟೋ ತೆಗೆಯುವವರೆಗೆ ಒಂದು ಹಾಳೆಯನ್ನೂ, ಒಂದು ಜಾಡಿಯನ್ನೂ ವಿಲೇವಾರಿ ಮಾಡಬೇಡಿ ಎಂದು. ಚೀಟಿ ಓದಲು ನಿವೃತ್ತ ಅಧ್ಯಾಪಕರನ್ನು ಕರೆಸಿ. ಅವರ ಪಕ್ಕ ಕೂತು ಬರೆದುಕೊಳ್ಳಲು ನಾನು ಬರುತ್ತೇನೆ.

ಇಂತಿ,
ಹಲಸೂರಿನ ಒಬ್ಬ ನಿವಾಸಿ